ಕೆಂಪು ಪಟ್ಟಿಯಲ್ಲಿದ್ದ ಕೆಲಸ

ದಾಕ್ಷಾಯಣಿ ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಮನೆಯವರು ಯಾರೂ ಸರಿಯಾದ ಹೆಸರು ಹೇಳುತ್ತಿರಲಿಲ್ಲ. ಅತ್ತೆ ಬದುಕಿದ್ದಷ್ಟು ದಿನ "ನಮ್ಮ ಸೊಸೆ ಅಮೆರಿಕದ ಡಾಕ್ಟರಿಗೆ ಟೈಪು ಮಾಡ್ತಾಳೆ" ಎನ್ನುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದ ಗಂಡ ಮಣಿಕಂಠ "ಕಿವಿ ಕೆಲಸ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ. ಅವನು ಹೇಳಿದ್ದೇ ಸತ್ಯಕ್ಕೆ ಹತ್ತಿರ. ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ, ಒಂದು ಬೇಕರಿಯ ಮೇಲಿನ ಮೂರನೆಯ ಮಹಡಿಯಲ್ಲಿ, ಮೂವತ್ತು ಜನ ಸಾಲಾಗಿ ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಮೆರಿಕದ ಆಸ್ಪತ್ರೆಗಳ ಡಾಕ್ಟರುಗಳು ಹಿಂದಿನ ದಿನ ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ರೋಗಿಯ ವರದಿಯಾಗಿ ಟೈಪು ಮಾಡುತ್ತಿದ್ದರು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಎಂದು ಅದರ ಹೆಸರು. ಕಾಲ ಕೆಳಗೆ ಹೊಲಿಗೆ ಯಂತ್ರದಲ್ಲಿರುವಂಥ ಒಂದು ಪೆಡಲು. ತುದಿ ಒತ್ತಿದರೆ ಮಾತು ಓಡುತ್ತದೆ, ಹಿಮ್ಮಡಿ ಒತ್ತಿದರೆ ಹಿಂದಕ್ಕೆ ಬರುತ್ತದೆ.

ಬಿ.ಕಾಂ. ಮುಗಿಸಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅಲ್ಲಿಗೆ ಸೇರಿದಾಗ ಮೊದಲ ಮೂರು ತಿಂಗಳು ಅವಳಿಗೆ ಒಂದು ವಾಕ್ಯವೂ ಪೂರ್ತಿಯಾಗಿ ಕೇಳಿಸಿರಲಿಲ್ಲ. ಆ ಡಾಕ್ಟರುಗಳು ಸೇಬು ಕಚ್ಚುತ್ತ ಮಾತಾಡುತ್ತಿದ್ದರು, ಕಾರು ಓಡಿಸುತ್ತ ಮಾತಾಡುತ್ತಿದ್ದರು, ಆಕಳಿಸುತ್ತ ಅರ್ಧ ಪದವನ್ನೇ ನುಂಗುತ್ತಿದ್ದರು. ಹೆಚ್ಚು ಎಂಬ ಅರ್ಥದ 'ಹೈಪರ್', ಕಡಿಮೆ ಎಂಬ ಅರ್ಥದ 'ಹೈಪೊ' ಎರಡೂ ಒಂದೇ ಥರ ಕೇಳಿಸುತ್ತಿದ್ದವು. ಯಾವತ್ತು ಎಂದು ಅವಳಿಗೇ ತಿಳಿಯಲಿಲ್ಲ, ಒಂದು ದಿನ ಕಿವಿ ತೆರೆಯಿತು. ಆಮೇಲೆ ಡಾಕ್ಟರು ಉಸಿರು ಎಳೆದುಕೊಳ್ಳುವ ರೀತಿಯಿಂದಲೇ ಮುಂದಿನ ಮಾತು ಯಾವುದೆಂದು ಗೊತ್ತಾಗತೊಡಗಿತು.

ಡಾಕ್ಟರ್ ಓಲ್ಸನ್ ಎಂಬ ಹೃದ್ರೋಗ ತಜ್ಞರ ದನಿ ಅವಳ ಪಾಲಿಗೆ ಬಂದದ್ದು ಆರನೆಯ ವರ್ಷದಲ್ಲಿ. ಮುಂದೆ ಹನ್ನೊಂದು ವರ್ಷ, ವಾರಕ್ಕೆ ಐದು ದಿನ ಆ ದನಿ ಅವಳ ಕಿವಿಯಲ್ಲಿತ್ತು. ಅವರ ಊರಿನಲ್ಲಿ ಹಿಮ ಬೀಳಲು ಶುರುವಾದದ್ದು ಅವರ ಕೆಮ್ಮಿನಿಂದ ತಿಳಿಯುತ್ತಿತ್ತು. ಒಂದು ಸಲ, ಯಾರೋ ಮುದುಕಿಯ ವರದಿಯ ನಡುವೆ, ಅವರು ನಲವತ್ತು ಸೆಕೆಂಡು ಸುಮ್ಮನಾಗಿಬಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. ಅಲ್ಲಿ ಟೈಪು ಮಾಡುವಂಥದ್ದು ಏನೂ ಇರಲಿಲ್ಲ. ಆದರೂ ದಾಕ್ಷಾಯಣಿ ಆ ನಲವತ್ತು ಸೆಕೆಂಡನ್ನು ಮೂರು ಸಲ ಹಿಂದಕ್ಕೆ ತಂದು ಕೇಳಿದ್ದಳು. ಪ್ರತಿ ವರದಿಯ ಕೊನೆಗೆ ಅವರು ಒಂದು ಮಾತು ಸೇರಿಸುತ್ತಿದ್ದರು: ಇದನ್ನು ಟೈಪು ಮಾಡುತ್ತಿರುವವರು ಯಾರೇ ಆಗಿರಲಿ, ನಿಮಗೆ ಥ್ಯಾಂಕ್ಯೂ. ಅದನ್ನು ಅವಳು ಯಾವತ್ತೂ ವರದಿಗೆ ಸೇರಿಸಲಿಲ್ಲ. ಅದು ರೋಗಿಯದಲ್ಲ, ತನ್ನದು.

ಆಮೇಲೆ ಯಂತ್ರ ಬಂತು. ಮೊದಲ ಕರಡನ್ನು ಯಂತ್ರವೇ ಬರೆಯುತ್ತಿತ್ತು, ಇವರು ತಿದ್ದಿದರೆ ಸಾಕು. ಯಾವುದು ವರದಿ, ಯಾವುದು ಮನುಷ್ಯರಿಗೆ ಆಡಿದ ಮಾತು ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಓಲ್ಸನ್ ಅವರ ಥ್ಯಾಂಕ್ಯೂ ರೋಗಿಯ ರಕ್ತದೊತ್ತಡದ ಕೆಳಗೆ ಅಚ್ಚಾಗಿ ಬಂದು ಕೂತಿರುತ್ತಿತ್ತು. ಅದನ್ನು ಅಳಿಸುವುದು ದಾಕ್ಷಾಯಣಿಯ ಕೆಲಸವಾಯಿತು. ತನಗೆ ಬಂದ ಥ್ಯಾಂಕ್ಯೂವನ್ನು ತಾನೇ ದಿನಕ್ಕೆ ಹದಿನೆಂಟು ಇಪ್ಪತ್ತು ಸಲ ಅಳಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಯಂತ್ರ ಅದನ್ನೂ ಕಲಿತು, ತಾನೇ ತೆಗೆದುಹಾಕತೊಡಗಿತು. ಒಂದು ಸೋಮವಾರ ಓಲ್ಸನ್ ಅವರ ದನಿ ಬರಲಿಲ್ಲ. ನಿವೃತ್ತರಾದರಂತೆ. ಅವಳು ಫೋನಿನಲ್ಲಿ ಅವರ ಹೆಸರು ಹಾಕಿ ಹುಡುಕಿದಳು, ಫೋಟೊ ಸಿಕ್ಕಿತು. ನೋಡಿದರೆ ಯಾರೋ ಬೇರೆಯವರು ಅನ್ನಿಸಿತು, ಮುಚ್ಚಿಬಿಟ್ಟಳು. ಮೂವತ್ತು ಜನ ಹನ್ನೆರಡಾದರು, ಹನ್ನೆರಡು ನಾಲ್ಕಾಯಿತು. ಎರಡು ವರ್ಷದ ಹಿಂದೆ ಕಚೇರಿಯೇ ಬಾಗಿಲು ಹಾಕಿತು.

ಈಗ ಅವಳಿಗೆ ನಲವತ್ತಾರು. ಯಲಹಂಕ ನ್ಯೂ ಟೌನಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನ ಮುಂಬಾಗಿಲಲ್ಲಿ ಬೆಳಿಗ್ಗೆ ಆರೂವರೆಗೇ ಕೂರುತ್ತಾಳೆ. ಹೆಸರು, ವಯಸ್ಸು, ಖಾಲಿ ಹೊಟ್ಟೇಲಿದೀರಾ. ಈ ಮೂರು ಮಾತಿಗೆ ಬರುವ ಉತ್ತರ ಕೇಳಿಸಿಕೊಳ್ಳಲು ಕಿವಿ ಬೇಕಾಗಿಲ್ಲ, ತುಟಿ ನೋಡಿದರೂ ಸಾಕು.

ಪಕ್ಕದ ಮನೆಯ ಮಾಲಾ ಕೋಗಿಲು ಕ್ರಾಸಿನ ಹತ್ತಿರದ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಡಿಸೆಂಬರಿನಲ್ಲಿ ಒಂದು ಸಂಜೆ ಕಾಂಪೌಂಡಿನ ಮೇಲಿಂದ ಕೇಳಿದಳು. "ದಾಕ್ಷಾ, ಶುಕ್ರವಾರ ನಮ್ಮಲ್ಲಿ ಕರಿಯರ್ ಗೈಡೆನ್ಸ್ ಇಟ್ಕೊಂಡಿದೀವಿ. ಹೆಬ್ಬಾಳದ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬರು ಬಂದು ಎಐ ಕಾಲಕ್ಕೆ ಏನ್ ಓದ್ಬೇಕು ಅಂತ ಹೇಳ್ತಾರೆ. ಆಮೇಲೆ ನೀನೂ ಹತ್ತು ನಿಮಿಷ ಮಾತಾಡೇ. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವಳು."

"ಕೆಲಸ ಕಳ್ಕೊಂಡವಳು ಕರಿಯರ್ ಬಗ್ಗೆ ಏನೇ ಹೇಳ್ಲಿ?"

"ಅದನ್ನೇ ಹೇಳು. ಗೆದ್ದವರು ಹೇಳೋದು ಮಕ್ಕಳಿಗೆ ಕೇಳಿ ಕೇಳಿ ಸಾಕಾಗಿದೆ."

ದಾಕ್ಷಾಯಣಿ ಒಂದು ಹಾಳೆಯಲ್ಲಿ ಆರು ಅಂಶ ಬರೆದುಕೊಂಡು ಹೋದಳು. ಸಭಾಂಗಣದಲ್ಲಿ ನೂರೈವತ್ತು ಮಕ್ಕಳಿದ್ದರು. ಹೆಬ್ಬಾಳದಿಂದ ಬಂದಿದ್ದ ನಿರಂಜನ್ ಮೂವತ್ತು ದಾಟದ ಚುರುಕು ಹುಡುಗ, ತೋಳು ಮಡಿಸಿದ ಬಿಳಿ ಶರ್ಟು. ಅವನು ಗೋಡೆಯ ಮೇಲೆ ಮೂರು ಪಟ್ಟಿ ತೋರಿಸಿದ. ಹಸಿರಿನಲ್ಲಿ ಇದ್ದದ್ದು ಉಳಿಯುವ ಕೆಲಸಗಳು, ಹಳದಿಯಲ್ಲಿ ಅನುಮಾನದವು, ಕೆಂಪಿನಲ್ಲಿ ಹೋಗುವವು. ಕೆಂಪು ಪಟ್ಟಿಯ ಎರಡನೆಯ ಸಾಲಿನಲ್ಲೇ 'ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್' ಎಂದಿತ್ತು.

"ಇದು ಇನ್ನು ಹೋಗ್ಬೇಕಾದ್ದಲ್ಲ, ಆಲ್ರೆಡಿ ಹೋಗಿದೆ," ಎಂದ ನಿರಂಜನ್. "ಇದರ ಕಡೆ ತಿರುಗಿ ಕೂಡ ನೋಡ್ಬೇಡಿ."

ಮಕ್ಕಳು ಬರೆದುಕೊಂಡರು. ಇಪ್ಪತ್ತು ವರ್ಷದಲ್ಲಿ ತನ್ನ ಕೆಲಸದ ಹೆಸರನ್ನು ನೂರೈವತ್ತು ಜನ ಒಟ್ಟಿಗೆ ಬರೆದುಕೊಂಡದ್ದನ್ನು ದಾಕ್ಷಾಯಣಿ ಅದೇ ಮೊದಲು ನೋಡಿದ್ದು.

ತನ್ನ ಸರದಿ ಬಂದಾಗ ಎದ್ದು ನಿಂತಳು. ಹಾಳೆ ಕೈಯಲ್ಲೇ ಇತ್ತು, ತೆರೆಯಲಿಲ್ಲ. "ಕೆಂಪು ಪಟ್ಟೀಲಿ ಎರಡನೇದು ಇದೆಯಲ್ಲ, ಅದನ್ನ ಮಾಡ್ತಿದ್ದೋಳು ನಾನೇ," ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ನಗು ನಿಂತಿತು. ಅವಳು ಓಲ್ಸನ್ ಅವರ ಕೆಮ್ಮಿನ ಬಗ್ಗೆ ಹೇಳಿದಳು. ಥ್ಯಾಂಕ್ಯೂ ಅಳಿಸಿದ್ದನ್ನು ಹೇಳಿದಳು. ಯಂತ್ರ ಮೊದಮೊದಲು 'ಹೈಪೊ' ಇದ್ದಲ್ಲಿ 'ಹೈಪರ್' ಬರೆಯುತ್ತಿತ್ತು, ತಾನು ತಿದ್ದಿದ್ದೆ ಎಂದಳು. ಯಂತ್ರವನ್ನು ಹಳಿಯಲು ಹೋಗಲಿಲ್ಲ. "ಕೊನೆಕೊನೆಗೆ ಅದು ನನಗಿಂತ ಚೆನ್ನಾಗೇ ಮಾಡ್ತಿತ್ತು. ಸುಳ್ಳು ಯಾಕೆ ಹೇಳ್ಬೇಕು. ನೀವು ಏನ್ ಓದ್ಬೇಕು ಅಂತ ಹೇಳೋಕೆ ನಂಗೆ ಬರಲ್ಲ. ಆ ಕೆಲಸ ಹೇಗಿತ್ತು ಅಂತ ಮಾತ್ರ ಗೊತ್ತು," ಎಂದು ಕೂತಳು.

ಮುಂದಿನ ಸಾಲಿನಿಂದ ಎರಡು ಜಡೆಯ ತೆಳ್ಳನೆಯ ಹುಡುಗಿಯೊಬ್ಬಳು ಎದ್ದಳು. "ಮ್ಯಾಮ್, ಹಿಂಗಾಗುತ್ತೆ ಅಂತ ಮೊದಲೇ ಗೊತ್ತಿದ್ದಿದ್ರೂ ನೀವು ಆ ಕೆಲಸಕ್ಕೆ ಸೇರ್ತಿದ್ರಾ?"

ದಾಕ್ಷಾಯಣಿ ಕೈಯಲ್ಲಿದ್ದ ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿದಳು. "ಗೊತ್ತಿಲ್ಲ ಕಣಮ್ಮ," ಎಂದಳು.

ಹೊರಗೆ ನಿರಂಜನ್ ಹತ್ತಿರ ಬಂದು "ಸಾರಿ ಮೇಡಂ, ನೀವು ಅದೇ ಫೀಲ್ಡ್ ಅಂತ ಗೊತ್ತಿರ್ಲಿಲ್ಲ" ಎಂದ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಏರ್‌ಫೋರ್ಸ್ ಸ್ಟೇಷನ್ನಿನ ಉದ್ದ ಗೋಡೆ ಹಿಂದೆ ಸರಿಯುವುದನ್ನು ನೋಡುತ್ತಿದ್ದಾಗ, ಹುಡುಗಿಯ ಪ್ರಶ್ನೆಗೆ ಉತ್ತರ ತಾನಾಗಿ ಬಂತು. ಸೇರುತ್ತಿದ್ದೆ. ಎಷ್ಟು ಸಲ ಕೇಳಿದರೂ ಸೇರುತ್ತಿದ್ದೆ. ಆ ಹೊತ್ತಿಗೆ ಕೇಳಿದವಳು ಎದುರಿಗಿರಲಿಲ್ಲ. ಗೋಡೆ ಮುಗಿಯಿತು. ಎರಡು ವರ್ಷದಿಂದ ಅಳದವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಧೂಳಿಗೆ ಶೀತವಾಗಿದೆ ಎಂಬಂತೆ ಕಿಟಕಿ ಎಳೆದಳು.

ಹದಿನೈದು ದಿನದ ಮೇಲೆ ಅದೇ ಹುಡುಗಿ ಕಾಲೇಜಿನ ಬ್ಯಾಗಿನ ಸಮೇತ ಲ್ಯಾಬಿಗೆ ಬಂದು ನಿಂತಳು.

"ಹೆಸರು?" ಎಂದಳು ದಾಕ್ಷಾಯಣಿ ಅಭ್ಯಾಸಬಲದಿಂದ.

"ಸಂಯುಕ್ತಾ. ಟೆಸ್ಟಿಗೆ ಬಂದಿಲ್ಲ ಮ್ಯಾಮ್. ಮಾಲಾ ಮ್ಯಾಮ್ ನೀವಿಲ್ಲಿ ಸಿಗ್ತೀರ ಅಂದ್ರು." ಅವಳು ಫೋನು ಮುಂದೆ ಹಿಡಿದಳು. "ನಮ್ಮಜ್ಜಿಗೆ ಸ್ಟ್ರೋಕ್ ಆಗಿ ಐದು ತಿಂಗಳಾಯ್ತು. ಬಲಗಡೆ ಬಿದ್ದೋಗಿದೆ, ಮಾತು ತೊದಲುತ್ತೆ. ದಿನಾ ಒಂದೇ ಮಾತು ಹೇಳ್ತಾರೆ. ನೀವು ಅಷ್ಟೊಂದು ಕಷ್ಟದ ಮಾತೆಲ್ಲ ಕೇಳಿಸ್ಕೊಂಡು ಬರೀತಿದ್ರಲ್ಲ. ಇದೇನು ಅಂತ ಹೇಳ್ತೀರಾ?"

ನಾಲ್ಕು ಸೆಕೆಂಡಿನ ರೆಕಾರ್ಡಿಂಗು. ಹಿಂದೆ ಟಿವಿಯ ಸದ್ದು, ಯಾವುದೋ ಗಾಡಿಯ ಹಾರ್ನು, ನಡುವೆ ಮುದಿದನಿಯೊಂದು ಕೆಸರಿನಲ್ಲಿ ಕಾಲು ಕೀಳುವಂತೆ ಹೊರಗೆ ಬರಲು ಒದ್ದಾಡುತ್ತಿತ್ತು. ದಾಕ್ಷಾಯಣಿ ಎರಡು ಸಲ ಕೇಳಿದಳು. ಇಷ್ಟು ದಿನದ ಮೇಲೆ ಒಂದು ದನಿ ಅವಳನ್ನು ಕೆಲಸ ಕೇಳುತ್ತಿತ್ತು.

"ಮನೇಲಿ ಏನಂತ ಅರ್ಥ ಮಾಡ್ಕೊಂಡಿದಾರೆ?"

"ಮಾರಿಬುಡಿ ಅಂತಾರೆ ಅಂತ ಅಪ್ಪ ಹೇಳ್ತಾರೆ. ಹಿಂದ್ಗಡೆ ಸೈಟ್ ಒಂದಿದೆ, ಅದನ್ನ. ಫೋನಲ್ಲಿ ಒಂದು ಆ್ಯಪ್ ಇದೆ ಮ್ಯಾಮ್, ಮಾತಾಡಿದ್ದನ್ನ ಕನ್ನಡದಲ್ಲೇ ಬರೆದುಕೊಡುತ್ತೆ. ಅದೂ 'ಮಾರಿ ಬಿಡಿ' ಅಂತಾನೇ ಬರೀತು. ಅಪ್ಪಂಗೆ ಅಷ್ಟೇ ಸಾಕಾಯ್ತು. ನಂಗೆ ಯಾಕೋ ಅದಲ್ಲ ಅನ್ಸುತ್ತೆ."

"ಇಲ್ಲಿ ಆಗಲ್ಲ," ಎಂದಳು ದಾಕ್ಷಾಯಣಿ. "ನಾನು ಅವರನ್ನ ನೋಡ್ಬೇಕು. ಭಾನುವಾರ ಬರ್ಲಾ?"

ಅವರ ಮನೆ ಇದ್ದದ್ದು ತಣಿಸಂದ್ರದಲ್ಲಿ. ಹಳೆಯ ಊರಿನ ಒಳರಸ್ತೆಯಲ್ಲಿ ನಾಲ್ಕು ಅಂತಸ್ತಿನ ಮನೆ. ಮೇಲಿನ ಮೂರನ್ನು ಬಾಡಿಗೆಗೆ ಕೊಟ್ಟು ನೆಲ ಅಂತಸ್ತಿನಲ್ಲಿ ತಾವಿದ್ದರು. ಸಂಯುಕ್ತಾಳ ತಂದೆ ಪಿಳ್ಳಪ್ಪ ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ಐವತ್ತು ದಾಟಿದ ದಪ್ಪ ಆಸಾಮಿ, ಮಾತು ಜೋರು, ಆದರೆ ತಾಯಿಯ ಕೋಣೆಯ ಹೊಸ್ತಿಲು ದಾಟುತ್ತಿದ್ದಂತೆ ದನಿ ತಾನಾಗಿ ಇಳಿಯಿತು.

"ನಮ್ಮವ್ವ ಏಳೋದು ನಂಗೆ ಅರ್ಥ ಆಯ್ತದೆ ಮೇಡಂ. ಮಗಳು ಸುಮ್ನೆ ನಿಮ್ಗೆ ತೊಂದ್ರೆ ಕೊಟ್ಟವ್ಳೆ. ಇಂದ್ಗಡೆ ಸೈಟಿಗೆ ಬಿಲ್ಡರ್ ಕೇಳ್ತಾವ್ನೆ. ಮಾರಿಬುಡಿ ಅಂತಾವ್ಳೆ ಅವ್ವ. ಆಯ್ತವ್ವ, ಮಾರ್ತೀನಿ ಅಂದ್ರೆ ಮಂಚ ಗುದ್ಕೊಂಡು ಅಳ್ತಾಳೆ. ಜಮೀನಲ್ವಾ. ಬಾಯಿ ಮಾರು ಅಂತದೆ, ಒಟ್ಟೆ ಒಪ್ಪಾಕಿಲ್ಲ."

ಲಕ್ಕಮ್ಮನಿಗೆ ಎಪ್ಪತ್ತೆಂಟು. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ್ದರು. ಮುಖದ ಬಲಬದಿ ಜೋತುಬಿದ್ದಿತ್ತು, ಎಡಗಣ್ಣು ಮಾತ್ರ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಅಳೆಯುತ್ತಿತ್ತು. ದಾಕ್ಷಾಯಣಿ ಟಿವಿ ಆರಿಸಲು ಹೇಳಿದಳು, ಫ್ಯಾನು ನಿಲ್ಲಿಸಿದಳು, ಕಿಟಕಿ ಹಾಕಿಸಿದಳು. ಮಂಚದ ಅಂಚಿನಲ್ಲಿ ಕೂತು "ಹೇಳಿ ಅಮ್ಮ" ಎಂದಳು.

ಲಕ್ಕಮ್ಮ ಹೇಳಿದರು. ದಾಕ್ಷಾಯಣಿ ಕಣ್ಣು ಮುಚ್ಚಿ ಕೇಳಿದಳು. ಮತ್ತೆ ಹೇಳಿ ಎಂದಳು. ಮುದುಕಿ ಬೇಸರಿಸಲಿಲ್ಲ. ಐದು ತಿಂಗಳಲ್ಲಿ ಅವರನ್ನು ಮತ್ತೆ ಹೇಳಿ ಎಂದು ಕೇಳಿದವರು ಇವಳೊಬ್ಬಳೇ ಇರಬೇಕು. ಮಿಕ್ಕವರೆಲ್ಲ ಅರ್ಥವಾಯಿತು ಎಂದು ತಲೆಯಾಡಿಸಿದವರು. ಏಳನೆಯ ಸಲ ದಾಕ್ಷಾಯಣಿ ಕಣ್ಣು ತೆರೆದು ತುಟಿ ನೋಡಿದಳು. ಎಂಟನೆಯ ಸಲ ಸುಮ್ಮನೆ ಉಸಿರು ಗಮನಿಸಿದಳು.

"ಮಾರಿಬುಡಿ ಅಂತ ನೀವು ಒಂದ್ಸಲ ಹೇಳಿ," ಎಂದಳು ಪಿಳ್ಳಪ್ಪನವರ ಕಡೆ ತಿರುಗಿ.

"ಮಾರಿಬುಡಿ."

"ಒಂದೇ ಉಸಿರಲ್ಲಿ ಹೇಳಿದ್ರಿ. ಅಮ್ಮ ಮಧ್ಯ ಉಸಿರು ತಗೋತಾರೆ. ಅವು ಎರಡು ಮಾತು. ಬುಡಿ ಅನ್ನೋಕೆ ತುಟಿ ಮುಂದಕ್ಕೆ ಬರ್ಬೇಕು, ಇವರ ತುಟಿ ಬರ್ತಿಲ್ಲ, ಅಗಲ ತೆರೆಯುತ್ತೆ. ಮೊದಲನೇ ಮಾತನ್ನ ಅವರು ಎತ್ತಿ ಹೇಳ್ತಾರೆ, ಯಾರನ್ನೋ ಕೂಗೋ ಹಾಗೆ." ಅವಳು ಪಿಳ್ಳಪ್ಪನವರನ್ನೇ ಕೇಳಿದಳು. "ನಿಮ್ಮ ಕಡೇಲಿ ಮಾರಿ ಅಂತ ಯಾರನ್ನಾದ್ರೂ ಕರೀತಾರಾ?"

ಪಿಳ್ಳಪ್ಪ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕೂತರು.

ದಾಕ್ಷಾಯಣಿ ಮುದುಕಿಯ ಕಡೆ ಬಾಗಿದಳು. "ಮಾರಿ ಬರ್ಲಿ. ಹಂಗಂತೀರಾ ಅಮ್ಮ?"

ಲಕ್ಕಮ್ಮನ ಎಡಗೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ ಹಿಡಿಯಿತು. "ಊಂ," ಎಂದರು. ಆ ಊಂಕಾರ ಎಲ್ಲರಿಗೂ ಅರ್ಥವಾಯಿತು.

"ನಮ್ ಚಿಕ್ಕವ್ವ," ಎಂದರು ಪಿಳ್ಳಪ್ಪ. "ಅವ್ವನ ತಂಗಿ ಮಾರಮ್ಮ. ಟಿ. ದಾಸರಹಳ್ಳೀಲವ್ಳೆ."

ಒಂಬತ್ತು ವರ್ಷದ ಹಿಂದಿನ ಮಾತು. ಲಕ್ಕಮ್ಮನ ಗಂಡ ತೀರಿಕೊಂಡ ದಿನ ಮಾರಮ್ಮ ದಾಸರಹಳ್ಳಿಯಿಂದ ಹೊರಟವರು ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಬಂದು ಮುಟ್ಟುವಾಗ ಮಣ್ಣು ಮುಚ್ಚಿ ಆಗಿತ್ತು. ಗಂಡನನ್ನು ಕಳೆದುಕೊಂಡ ಉರಿಯಲ್ಲಿ ಲಕ್ಕಮ್ಮ ಬಾಗಿಲಲ್ಲೇ ನಿಂತು, ಮುಖ ನೋಡಕ್ಕೂ ಬರದವಳು ಇನ್ನು ನಾನಿದ್ದಲ್ಲಿ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದರು. ಅಂದಿದ್ದು ಒಂದೇ ಸಲ. ಮಾರಮ್ಮ ತಿರುಗಿ ಹೋದವರು ಮತ್ತೆ ಬರಲಿಲ್ಲ, ಲಕ್ಕಮ್ಮ ಮತ್ತೆ ಕರೆಯಲಿಲ್ಲ. ಸ್ಟ್ರೋಕ್ ಆದಾಗಲೂ ಯಾರಿಗೂ ದಾಸರಹಳ್ಳಿಗೆ ಹೇಳಬೇಕು ಎನ್ನಿಸಿರಲಿಲ್ಲ.

ಪಿಳ್ಳಪ್ಪ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ತಾವೇ ಕಾರು ತೆಗೆದುಕೊಂಡು ಹೋದರು. ದಾಕ್ಷಾಯಣಿಯೂ ಇರಬೇಕೆಂದು ಸಂಯುಕ್ತಾ ಹಟ ಮಾಡಿದ್ದರಿಂದ ಅವಳು ಲ್ಯಾಬಿನಿಂದ ಮಧ್ಯಾಹ್ನವೇ ಬಂದು ಕೋಣೆಯಲ್ಲಿ ಕೂತಿದ್ದಳು. ಮಾರಮ್ಮ ಕಾರಿನಿಂದ ಇಳಿದರು, ಗಿಡ್ಡ ಹೆಂಗಸು, ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು. ಹಜಾರ ದಾಟಿ ಬಂದು ಅಕ್ಕನ ಕೋಣೆಯ ಹೊಸ್ತಿಲ ಆಚೆ ನಿಂತುಬಿಟ್ಟರು.

"ಒಳಕ್ಕೆ ಬಾ ಚಿಕ್ಕವ್ವ," ಎಂದರು ಪಿಳ್ಳಪ್ಪ.

"ನೀನು ಕರೆದ್ರೆ ಆಗಾಕಿಲ್ಲ ಕಣಪ್ಪ. ಬ್ಯಾಡ ಅಂದೋಳು ಅವ್ಳು. ಅವ್ಳೇ ಅನ್ಲಿ."

ಲಕ್ಕಮ್ಮನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ದಾಕ್ಷಾಯಣಿ ತಾನೇ ಆ ಮಾತನ್ನು ಎತ್ತಿ ಹೊಸ್ತಿಲಿನ ಆಚೆ ಕೊಟ್ಟುಬಿಡಲೇ ಎಂದು ಮುಂದೆ ಬಾಗಿದಳು. ಆಮೇಲೆ ತನ್ನನ್ನು ತಾನೇ ತಡೆದುಕೊಂಡಳು.

"ಬಾ," ಎಂದರು ಲಕ್ಕಮ್ಮ.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇನ್ನೊಂದ್ ದಪ ಅನ್ನು," ಎಂದರು.

"ಬಾ."

ಮಾರಮ್ಮ ಒಳಗೆ ಬಂದು ಮಂಚದ ಮೇಲೆ, ಅಕ್ಕನ ಸ್ವಾಧೀನವಿಲ್ಲದ ಬಲಗೈ ಪಕ್ಕದಲ್ಲೇ ಕೂತು, ಆ ಕೈಯನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಟ್ರಾಪಿಕ್ಕು ಕಣಕ್ಕ. ನಾನೇನ್ ಮಾಡ್ಲಿ, ಟ್ರಾಪಿಕ್ಕು," ಎಂದರು, ಒಂಬತ್ತು ವರ್ಷ ಹೇಳಲಾಗದೆ ಉಳಿದದ್ದನ್ನು. ದಾಕ್ಷಾಯಣಿ ಎದ್ದು ಹೊರಗೆ ಬಂದಳು. ಅಲ್ಲಿ ಅವಳ ಕೆಲಸ ಮುಗಿದಿತ್ತು.

ಹಿಂದೆಯೇ ಸಂಯುಕ್ತಾ ಬಂದು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು. ಪಕ್ಕದ ಅಪಾರ್ಟ್‌ಮೆಂಟಿನ ಹೊಸ ಗೋಡೆಗೆ ಯಾರೋ ನೀರು ಹೊಡೆಯುತ್ತಿದ್ದರು.

"ಅಪ್ಪ ನನ್ನನ್ನ ಎಐ ಇಂಜಿನಿಯರಿಂಗಿಗೆ ಹಾಕ್ತೀನಿ ಅಂತಿದಾರೆ ಮ್ಯಾಮ್. ನಿರಂಜನ್ ಸರ್ ಪಟ್ಟೀಲಿ ಹಸಿರಲ್ಲಿದೆ. ನಂಗೆ ಇದು ಕಲೀಬೇಕು. ಮಾತು ಹೋದೋರಿಗೆ ಮಾತು ಕಲಿಸ್ತಾರಲ್ಲ, ಸ್ಪೀಚ್ ಥೆರಪಿ. ಅಜ್ಜಿ ಆಸ್ಪತ್ರೆಲಿದ್ದಾಗ ಒಬ್ರು ಬರ್ತಿದ್ರು. ಬರೀ ಆರು ಸಲ ಬಂದ್ರು, ಅಷ್ಟರಲ್ಲೇ ಅಜ್ಜಿ ನುಂಗೋದು ಕಲಿತ್ರು."

"ಕಲಿ ಮತ್ತೆ."

"ನಾಳೆ ಇದನ್ನೂ ಮೆಷಿನ್ನೇ ಮಾಡಿದ್ರೆ?"

ದಾಕ್ಷಾಯಣಿಗೆ ಸಮಾಧಾನ ಹೇಳುವ ಆಸೆಯಾಯಿತು. ಮನುಷ್ಯರು ಮಾಡುವುದನ್ನು ಯಂತ್ರ ಮಾಡಲಾರದು ಎಂದು ಹೇಳಿಬಿಟ್ಟರೆ ಹುಡುಗಿಯ ಮುಖ ಅರಳುತ್ತಿತ್ತು. ಆದರೆ ಅದೇ ಮಾತನ್ನು ಆರ್.ಟಿ. ನಗರದ ಆ ಮಹಡಿಯಲ್ಲಿ ಮೂವತ್ತು ಜನ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ಅವಳಿಗೆ ನೆನಪಿತ್ತು.

"ಮಾಡಬಹುದು," ಎಂದಳು. "ಯಾವ ಕೆಲಸ ಉಳಿಯುತ್ತೆ ಅಂತ ನಂಗಂತೂ ಗೊತ್ತಿಲ್ಲ, ಆ ಪಟ್ಟಿ ತೋರಿಸಿದ ಹುಡುಗಂಗೂ ಗೊತ್ತಿಲ್ಲ. ಮೆಷಿನ್ ಬೇಡ ಅಂತ ದೂರ ಇಡಬೇಡ, ಅದನ್ನೂ ಕಲಿ, ಅದು ಎಲ್ಲಿ ತಪ್ಪುತ್ತೆ ಅಂತ ನಿಂಗೆ ಗೊತ್ತಿರ್ಬೇಕು. ಅವತ್ತು ನೀನೊಂದು ಕೇಳಿದ್ಯಲ್ಲ, ಮೊದಲೇ ಗೊತ್ತಿದ್ರೆ ಸೇರ್ತಿದ್ರಾ ಅಂತ. ಬಸ್ಸಲ್ಲಿ ಹೋಗ್ತಾ ಉತ್ತರ ಸಿಕ್ತು. ಸೇರ್ತಿದ್ದೆ. ಅದು ಹೋಗಿದ್ದಕ್ಕೆ ಈಗಲೂ ಸಂಕಟ ಆಗುತ್ತೆ ನಂಗೆ. ಬೆಳಿಗ್ಗೆ ಎದ್ದ ತಕ್ಷಣ ಆಗುತ್ತೆ." ಅವಳು ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು. "ಕಳ್ಕೊಂಡ್ರೆ ಅಷ್ಟು ಸಂಕಟ ಆಗುವಂಥ ಕೆಲಸ ಯಾವುದೋ ನೋಡ್ಕೋ. ಬೇರೆ ಲೆಕ್ಕ ನಂಗೆ ಬರಲ್ಲ."

ಸಂಯುಕ್ತಾ ಅದನ್ನು ಬರೆದುಕೊಳ್ಳಲಿಲ್ಲ. ಮೊಣಕಾಲಿನ ಮೇಲೆ ಗಲ್ಲವಿಟ್ಟುಕೊಂಡು ನೀರು ಹೊಡೆಯುವುದನ್ನೇ ನೋಡುತ್ತ ಕೂತಳು.

ಆ ಬೇಸಿಗೆಯಲ್ಲಿ ಮಾರಮ್ಮ ವಾರಕ್ಕೊಮ್ಮೆ ಬಂದು ಹೋಗುವುದು ರೂಢಿಯಾಯಿತು. ಲಕ್ಕಮ್ಮನ ಮಾತು ಸ್ವಲ್ಪ ಹೆಚ್ಚಿತು, ಬಹುಪಾಲು ತಂಗಿಯನ್ನು ಬೈಯುವುದಕ್ಕೇ ಬಳಕೆಯಾಯಿತು. ಸೈಟು ಮಾರಲಿಲ್ಲ. ಮಗಳ ವಿಷಯದಲ್ಲಿ ಪಿಳ್ಳಪ್ಪ ಒಪ್ಪಿದರು ಎಂದು ಹೇಳುವಂತಿಲ್ಲ, ಎದುರು ಹೇಳುವುದನ್ನು ನಿಲ್ಲಿಸಿದರು. "ಇಬ್ರು ಸೇರ್ಕೊಂಡು ನನ್ನ ತಲೆ ಕೆಡ್ಸವ್ರೆ. ಒಂದ್ ವರ್ಷ ಓದ್ಲಿ, ಆಮ್ಯಾಕೆ ನೋಡ್ತೀನಿ," ಎಂದು ದಾಕ್ಷಾಯಣಿಗೇ ಫೋನು ಮಾಡಿ ಹೇಳಿದರು.

ಜೂನಿನಲ್ಲಿ ಊರಿನ ಇನ್ನೊಂದು ಬದಿಯಲ್ಲಿದ್ದ ಸ್ಪೀಚ್ ಥೆರಪಿ ಕಲಿಸುವ ವಾಕ್ ಶ್ರವಣ ಕಾಲೇಜಿಗೆ ಸಂಯುಕ್ತಾಳ ಸಂದರ್ಶನಕ್ಕೆ ಅಪ್ಪ, ಮಗಳು, ದಾಕ್ಷಾಯಣಿ ಮೂವರೂ ಹೋದರು. ಪಿಳ್ಳಪ್ಪ ಕಾರಿಗೆ ನೆರಳು ಹುಡುಕುತ್ತ ಹೊರಗೇ ಉಳಿದರು. ಹುಡುಗಿಯನ್ನು ಒಳಗೆ ಕರೆದ ಮೇಲೆ ದಾಕ್ಷಾಯಣಿ ಪ್ರವೇಶದ ಕೌಂಟರಿನ ಮುಂದೆ ಒಂದೆರಡು ಸಲ ಓಡಾಡಿದಳು, ಆಮೇಲೆ ಹೋಗಿ ನಿಂತಳು.

"ಮಗಳಿಗಾ ಮೇಡಂ?" ಎಂದ ಗುಮಾಸ್ತ. ಎದೆಯ ಮೇಲಿನ ಬಿಲ್ಲೆಯಲ್ಲಿ ಮುಕ್ತಾರ್ ಎಂದಿತ್ತು.

"ಅಲ್ಲ. ನಂಗೆ ಆಗುತ್ತಾ ಅಂತ."

ಅವನು ನಗಲಿಲ್ಲ. ಪಿಯುಸಿಯಲ್ಲಿ ಏನು ಓದಿದ್ದು ಎಂದು ಕೇಳಿದ. ಕಾಮರ್ಸ್ ಎಂದಳು. ಸೈನ್ಸ್ ಇರಬೇಕು ಮೇಡಂ, ವಯಸ್ಸಿನದ್ದೂ ಒಂದು ಮಿತಿ ಇದೆ ಎಂದ. ನಿಯಮದ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ, ತಾನು ಸುಳ್ಳು ಹೇಳುತ್ತಿಲ್ಲ ಎಂಬಂತೆ. ಅವಳು ಆ ಸಾಲನ್ನು ಪೂರ್ತಿ ಓದಿ, "ಗೊತ್ತಿತ್ತು, ಸುಮ್ನೆ ಕೇಳ್ದೆ" ಎಂದಳು.

ಕಾರಿಡಾರಿನ ಕೊನೆಯಲ್ಲಿ ಒಂದು ಬೆಂಚು ಖಾಲಿಯಿತ್ತು. ಕೂತಳು. ಎದುರಿನ ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಹೆಂಗಸು ಒಂದು ಮಗುವಿಗೆ ಕಾಗೆ ಎಂದು ಹೇಳಿಸುತ್ತಿದ್ದಳು. ಮಗು ತಾಗೆ ಎನ್ನುತ್ತಿತ್ತು. ಕಾ, ಎನ್ನುತ್ತಿದ್ದಳು ಅವಳು, ಅವಸರವಿಲ್ಲದೆ. ತಾ, ಎನ್ನುತ್ತಿತ್ತು ಮಗು. ಜನ ಬರುತ್ತಿದ್ದರು, ಹೋಗುತ್ತಿದ್ದರು, ಟ್ರಾಲಿಯೊಂದು ಗಡಗಡ ಸದ್ದು ಮಾಡುತ್ತ ಹಾದುಹೋಯಿತು. ದಾಕ್ಷಾಯಣಿಯ ನಾಲಗೆ ಅವಳಿಗೆ ತಿಳಿಯದಂತೆ ಹಿಂದಕ್ಕೆ ಸರಿದು ಅಂಗುಳಿನ ಬುಡಕ್ಕೆ, ಕಾ ಹುಟ್ಟುವ ಜಾಗಕ್ಕೆ ತಾಗುತ್ತಿತ್ತು, ಮಗುವಿನ ಬದಲಿಗೆ ತಾನೇ ಒತ್ತಿ ಕೊಡುತ್ತಿರುವ ಹಾಗೆ.

ಸಂಯುಕ್ತಾ ಸಂದರ್ಶನ ಮುಗಿಸಿ ಬಂದಳು. ಮುಖ ನೋಡಿದರೇ ಗೊತ್ತಾಗುವಂತಿತ್ತು. "ಸಿಕ್ತು ಅನ್ಸುತ್ತೆ ಮ್ಯಾಮ್. ಅಪ್ಪ ಕಾಯ್ತಿರ್ತಾರೆ, ಹೋಗೋಣ್ವಾ?"

"ಒಂದ್ ನಿಮಿಷ ಇರು," ಎಂದಳು ದಾಕ್ಷಾಯಣಿ.

ಹುಡುಗಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಅವಳಿಗೂ ಬಾಗಿಲಿನ ಹಿಂದಿನ ದನಿ ಕೇಳಿಸಿತು. ಮೆಲ್ಲಗೆ ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತಳು.